ಅಕ್ಷರಗುಂಡಿನ ಗದ್ಯ

ಸಿರಿಯನ್ನು ಬಿಟ್ಟು ನಡೆದವನ ಕಥೆಯೆಂದರೆ ಕನ್ನಡ ವಾಚಕನಿಗೆ ಮೊದಲಿನಿಂದಲೂ ಅಕ್ಕರೆ. ಪಂಪ 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಬಾಹುಬಲಿ ಅಣ್ಣನನ್ನು ಗೆದ್ದ ಗಳಿಗೆಯಲ್ಲಿಯೇ ಗೆದ್ದ ನೆಲವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟುಬಿಡುತ್ತಾನೆ. ತ. ರಾ. ಸುಬ್ಬರಾಯರ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ, ಸುಲ್ತಾನನ ಮುಂದೆ ಹಾಡುವುದಕ್ಕಿಂತ ನಾಲಗೆಯಿಲ್ಲದಿರುವುದೇ ಲೇಸೆಂದು ಅದನ್ನು ಕತ್ತರಿಸಿಕೊಳ್ಳುತ್ತಾನೆ. ಎರಡೂ ಒಂದೇ ಏಟಿನ ತ್ಯಾಗಗಳು. ಬಾಹುಬಲಿಯಾದರೂ ಒಂದು ವರ್ಷ ನಿಂತೇ ಇರಬೇಕಾಯಿತು, ಮನಸ್ಸಿನಲ್ಲಿ ಉಳಿದಿದ್ದ ಮುಳ್ಳೊಂದು ಕಳೆಯುವವರೆಗೆ ಕೇವಲಜ್ಞಾನ ಒದಗಲಿಲ್ಲ ಎಂದು ಜೈನ ಪರಂಪರೆ ಹೇಳುತ್ತದೆ. ಆದರೆ ನಮ್ಮ ನೆನಪಿನಲ್ಲಿ ನಿಂತದ್ದು ಆ ಮುಳ್ಳಲ್ಲ, ಆ ಬಿಡುಗಡೆ.

ಅಶೋಕನನ್ನೂ ನಾವು ಇದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದೇವೆ. ಶಾಲೆಯ ಪಾಠದಲ್ಲಿ, ನಾಟಕದಲ್ಲಿ, ಚಲನಚಿತ್ರದಲ್ಲಿ ಅವನು ಕಳಿಂಗದ ರಣಭೂಮಿಯನ್ನು ನೋಡುತ್ತಾನೆ, ಕಣ್ಣೀರು ಬರುತ್ತದೆ, ಕತ್ತಿ ಕೈಜಾರುತ್ತದೆ, ತೆರೆ ಬೀಳುತ್ತದೆ. ಮರುದಿನ ಬೆಳಗ್ಗೆ ಆ ಮನುಷ್ಯ ಹೇಗೆ ಎದ್ದ, ಆ ದಿನವನ್ನು ಹೇಗೆ ಕಳೆದ, ಅದರ ಮುಂದಿನ ದಿನವನ್ನು ಹೇಗೆ ಕಳೆದ ಎಂದು ಕೇಳುವವರಿಲ್ಲ. ಆ ಪ್ರಶ್ನೆಗೆ ಅವನೇ ಕೊಟ್ಟ ಉತ್ತರವೊಂದು ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯೊಂದರ ಮೇಲಿದೆ. ಅದನ್ನು ಶಾಸನವೆಂದು ಎಲ್ಲರೂ ಬಲ್ಲರು. ಗದ್ಯವೆಂದು ಓದಿದವರು ಕಡಿಮೆ. ಅದು ಬಹಳ ಒಳ್ಳೆಯ ಗದ್ಯವೆಂಬುದೂ, ಮನಸ್ಸು ಕುಸಿದವನಿಗೆ ಇಂದಿಗೂ ಕೈಗಿಡಬಹುದಾದ ಗದ್ಯವೆಂಬುದೂ ನನ್ನ ಅಭಿಪ್ರಾಯ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ: ಒಂದಕ್ಕೊಂದು ಹತ್ತಿರವಿರುವ ಈ ಮೂರು ಕಡೆಗಳಲ್ಲಿ ಒಂದೇ ಬರಹದ ಮೂರು ಪ್ರತಿಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ನೆಲ ಅಗೆಸಿ, ಕಲ್ಲುಕೊಡಲಿಯ ಕಾಲದಿಂದ ಶಾತವಾಹನರ ಕಾಲದವರೆಗೆ ಜನ ಇಲ್ಲಿ ಬಾಳಿದ್ದನ್ನು ಪದರ ಪದರವಾಗಿ ತೋರಿಸಿದರು. ಬ್ರಹ್ಮಗಿರಿಯ ಬಂಡೆಗೆ ಊರಿನವರು ಇಟ್ಟ ಹೆಸರು ಅಕ್ಷರಗುಂಡು. ಪುರಾತತ್ತ್ವದ ಇಲಾಖೆಯ ಫಲಕಕ್ಕಿಂತ ಈ ಹೆಸರು ಹೆಚ್ಚು ಹೇಳುತ್ತದೆ. ಹದಿಮೂರು ಸಾಲುಗಳ ಬರಹ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಹಾಗಿದ್ದರೆ ಕನ್ನಡ ವಿಮರ್ಶಕನಿಗೆ ಇಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ಈ ಬರಹ ಯಾವ ಊರಿಗೆ ಬಂತೋ ಆ ಊರಿನ ಹೆಸರು ಇಸಿಲ. ಅದು ಕನ್ನಡ ಶಬ್ದವೆಂದು ಡಿ. ಎಲ್. ನರಸಿಂಹಾಚಾರ್ಯರು ವಾದಿಸಿದ್ದರು. ಬರೆಸಿದವನ ಭಾಷೆ ಬೇರೆಯಾದರೂ ಕೇಳಿಸಿಕೊಂಡವರು ನಮ್ಮ ಹಿಂದಿನವರೇ. ಓದಿ ಹೇಳುವ ಅಧಿಕಾರಿ, ಅದನ್ನು ಊರ ಮಾತಿಗೆ ತಿರುಗಿಸಿ ಹೇಳದೆ ವಿಧಿಯಿರಲಿಲ್ಲ. ಆ ಕಳೆದುಹೋದ ಅನುವಾದವನ್ನು ಊಹಿಸಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಬರಹ ಒಂದು ಪತ್ರದಂತೆ ಆರಂಭವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿಕಳುಹಿಸಿದ ಮಾತು. ಮೊದಲು ಕ್ಷೇಮಸಮಾಚಾರ. ಅಲ್ಲಿರುವ ಶಬ್ದ ‘ಆರೋಗಿಯ’. ನಮ್ಮ ಅಜ್ಜಂದಿರು ಕಾರ್ಡಿನ ತುದಿಯಲ್ಲಿ ಬರೆಯುತ್ತಿದ್ದ ಆರೋಗ್ಯವೇ ಇದು. ಉತ್ತರದ ಪ್ರತಿಗಳಲ್ಲಿ ಈ ಮುನ್ನುಡಿಯಿಲ್ಲ. ದಕ್ಷಿಣದ ಈ ಮೂಲೆಗೆ ಬಂದ ಪ್ರತಿಗೆ ಮಾತ್ರ ಇಲ್ಲಿನ ಅಧಿಕಾರಿಗಳು ಸೇರಿಸಿದ ಸೌಜನ್ಯ. ಇದಾದ ಮೇಲೆ ದೊರೆಯ ಧ್ವನಿ ಕೇಳಿಸುತ್ತದೆ, ಅದೂ ಉತ್ತಮ ಪುರುಷದಲ್ಲಿ. ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು. ಆದರೆ ಒಂದು ವರ್ಷ ನಾನು ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲ. ಸಂಘವನ್ನು ಸೇರಿ ಒಂದು ವರ್ಷದ ಮೇಲಾಯಿತು, ಅಂದಿನಿಂದ ಚೆನ್ನಾಗಿ ಪ್ರಯತ್ನಪಡುತ್ತಿದ್ದೇನೆ. ತಾತ್ಪರ್ಯ ಇಷ್ಟು.

ರಾಜ್ಯದ ಗಡಿಯವರೆಗೂ ಕೇಳಿಸಬೇಕೆಂದು ಬಂಡೆಯ ಮೇಲೆ ಕೊರೆಸಿದ ಮಾತಿನಲ್ಲಿ ಒಬ್ಬ ಚಕ್ರವರ್ತಿ ‘ಒಂದು ವರ್ಷ ನಾನು ಏನೂ ಮಾಡಲಿಲ್ಲ’ ಎಂದು ಹೇಳುತ್ತಾನೆ. ಹಿಂದಿನ ದೊರೆಗಳ ಶಾಸನಗಳನ್ನು ಓದಿದವರಿಗೆ ಇದರ ವಿಚಿತ್ರ ತಿಳಿಯುತ್ತದೆ. ಪ್ರಶಸ್ತಿಗಳಲ್ಲಿ ದೊರೆಗಳು ಸುಮ್ಮನೆ ಕೂತ ವರ್ಷವಿರುವುದಿಲ್ಲ. ಎಲ್ಲ ವರ್ಷವೂ ವಿಜಯ, ಎಲ್ಲ ದಿನವೂ ದಾನ.

ಇನ್ನೊಂದು ವಿಚಿತ್ರ, ಈ ಬರಹದಲ್ಲಿ ಕಳಿಂಗದ ಹೆಸರೇ ಇಲ್ಲದಿರುವುದು. ಯುದ್ಧ ನಡೆದದ್ದು ಪಟ್ಟಾಭಿಷೇಕವಾಗಿ ಎಂಟು ವರ್ಷ ಕಳೆದ ಮೇಲೆ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದಕ್ಕೂ ಎಷ್ಟೋ ಪಾಲು ಜನ ಸತ್ತದ್ದು, ಅದಕ್ಕಾಗಿ ತಾನು ಮರುಗಿದ್ದು, ಇವೆಲ್ಲ ಇರುವುದು ಹದಿಮೂರನೆಯ ಶಿಲಾಶಾಸನದಲ್ಲಿ. ಅದರ ಪ್ರತಿ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ, ಗಿರ್ನಾರಿನಲ್ಲಿದೆ, ವಾಯುವ್ಯದಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಅದನ್ನು ಬೇಕೆಂದೇ ಕೊರೆಸಲಿಲ್ಲ. ಬ್ರಹ್ಮಗಿರಿಯ ಬರಹವಾದರೋ ಅದಕ್ಕಿಂತ ಮೊದಲಿನದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುತ್ತಾರೆ. ಎಂದರೆ ದುಃಖದ ಮಾತು ಆಡುವ ಮೊದಲೇ ದುಃಖದಿಂದ ಎದ್ದ ಮಾತು ಬಂದಿದೆ. ಇದರಲ್ಲಿ ನನಗೆ ಅಸಹಜವೇನೂ ಕಾಣುವುದಿಲ್ಲ. ದೊಡ್ಡ ನೋವನ್ನು ಮನುಷ್ಯ ಹೇಳಿಕೊಳ್ಳುವುದು ಅದರಿಂದ ಸ್ವಲ್ಪ ದೂರ ಸರಿದ ಮೇಲೆ. ಆ ‘ಒಂದು ವರ್ಷ’ವನ್ನು ಚರಿತ್ರಕಾರರು ಬೌದ್ಧನಾಗಿಯೂ ಶ್ರದ್ಧೆ ಸಾಲದಿದ್ದ ಕಾಲವೆಂದು ಅರ್ಥಮಾಡುತ್ತಾರೆ. ಅದು ಸರಿಯೇ. ಆದರೆ ಶ್ರದ್ಧೆ ಏಕೆ ಸಾಲಲಿಲ್ಲ? ಕೈಯಲ್ಲಿ ಅಷ್ಟು ರಕ್ತವಿದ್ದವನಿಗೆ ಕೈ ಎತ್ತುವುದೇ ಕಷ್ಟವಾಗಿದ್ದಿರಬೇಕು ಎಂದು ಓದುವುದು ನನ್ನ ಓದು. ಶಾಸನತಜ್ಞರ ಮೇಲೆ ಅದನ್ನು ನಾನು ಹೇರುವುದಿಲ್ಲ.

ಈ ಓದಿಗೆ ನನ್ನನ್ನು ಒಯ್ದದ್ದು ಗ್ರಂಥವಲ್ಲ, ಒಬ್ಬ ಸ್ನೇಹಿತರು. ಬೆಂಗಳೂರಿನಲ್ಲಿ ಸ್ವಂತ ಮನೆ, ವಿಶ್ರಾಂತಿ ವೇತನ, ಒಳ್ಳೆಯ ಸ್ಥಿತಿಯಲ್ಲಿರುವ ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲದವರು. ಎರಡು ವರ್ಷದ ಕೆಳಗೆ ಅವರಿಗೆ ಯಾವುದರಲ್ಲಿಯೂ ರುಚಿ ಉಳಿಯಲಿಲ್ಲ. ಬೆಳಗ್ಗೆ ಏಳುವುದೇ ಒಂದು ದೊಡ್ಡ ಕೆಲಸವಾಯಿತು. ವೈದ್ಯರು ಖಿನ್ನತೆಯೆಂದು ಹೇಳಿ ಔಷಧ ಕೊಟ್ಟರು; ಕೊಡಬೇಕಾದದ್ದೂ ಅದೇ. ನೋಡಲು ಬಂದವರೆಲ್ಲ ಪುಸ್ತಕಗಳನ್ನು ತಂದರು. ಹಣದಲ್ಲಿ ಸುಖವಿಲ್ಲ, ಆಸೆ ಬಿಡಿ, ಮೋಹ ಕಡಿಯಿರಿ ಎಂದು ಸಾರುವ ಪುಸ್ತಕಗಳು. ಅವರು ಒಂದು ದಿನ ನನ್ನೊಡನೆ ಹೇಳಿದರು: “ಇವರೆಲ್ಲ ಬಿಡು ಬಿಡು ಅನ್ನುತ್ತಾರಲ್ಲ ಸ್ವಾಮಿ, ನಾನು ಏನನ್ನು ಹಿಡಿದಿದ್ದೇನೆ ಬಿಡುವುದಕ್ಕೆ? ಮನೆ ನಾಳೆ ಬಿದ್ದುಹೋದರೂ ನನಗೆ ಏನೂ ಅನ್ನಿಸುವುದಿಲ್ಲ. ಅದೇ ಅಲ್ಲವೆ ನನ್ನ ಕಾಯಿಲೆ?”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ವೈರಾಗ್ಯ ಸಾಹಿತ್ಯವೆಲ್ಲ ಬರೆದದ್ದು ಆಸೆ ಹೆಚ್ಚಾದವನಿಗೆ. ಸಿರಿಯಲ್ಲಿ ಮುಳುಗಿದವನನ್ನು ಎತ್ತಲು ಅದಕ್ಕೆ ಶಕ್ತಿಯಿದೆ. ಆಸೆಯೇ ಬತ್ತಿಹೋದವನಿಗೆ ಅದು ಏನು ಹೇಳೀತು? ಹೊರಗಿನಿಂದ ನೋಡಿದರೆ ವಿರಾಗಿಯೂ ಖಿನ್ನನೂ ಒಂದೇ ಬಗೆಯಾಗಿ ಕಾಣುತ್ತಾರೆ. ಇಬ್ಬರಿಗೂ ಚಿನ್ನ ಮಣ್ಣು ಒಂದೇ. ಒಬ್ಬನಿಗೆ ಅದು ಬಿಡುಗಡೆ, ಇನ್ನೊಬ್ಬನಿಗೆ ರೋಗದ ಲಕ್ಷಣ. ಹಾಗಾದರೆ ಇಬ್ಬರ ನಡುವೆ ವ್ಯತ್ಯಾಸ ಎಲ್ಲಿದೆ?

ಅಕ್ಷರಗುಂಡು ಅದಕ್ಕೆ ಒಂದು ಶಬ್ದ ಇಟ್ಟುಕೊಂಡಿದೆ. ಅದು ‘ಪಕಮ’. ಸಂಸ್ಕೃತದ ಪ್ರಕ್ರಮ, ಪರಾಕ್ರಮಗಳ ಬಳಗದ ಮಾತು. ಹೆಜ್ಜೆ ಮುಂದಿಡುವುದು, ಹೊರಡುವುದು, ಯತ್ನಿಸುವುದು ಎಂದರ್ಥ. ಈ ಸಣ್ಣ ಬರಹದಲ್ಲಿ ಅದು ಬೇರೆ ಬೇರೆ ರೂಪಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಶೋಕ ತಾನು ಏನನ್ನು ಬಿಟ್ಟೆನೆಂದು ಇಲ್ಲಿ ಒಂದು ಸಲವೂ ಹೇಳುವುದಿಲ್ಲ. ಅರಮನೆ ಬಿಟ್ಟೆ, ಬೇಟೆ ಬಿಟ್ಟೆ, ಭಂಡಾರ ಬಿಟ್ಟೆ ಎಂಬ ಪಟ್ಟಿಯಿಲ್ಲ. ಯತ್ನಿಸಲಿಲ್ಲ, ಆಮೇಲೆ ಯತ್ನಿಸಿದೆ, ಇದು ಯತ್ನದ ಫಲ ಎಂದಷ್ಟೇ ಹೇಳುತ್ತಾನೆ. ನಿಂತುಹೋಗಿದ್ದ ಕಾಲು ಮತ್ತೆ ಚಲಿಸಿತೆಂಬುದೇ ಅವನ ಸಂತೋಷ. ಅದಕ್ಕೆ ಹಿಡಿದ ಕಾಲವನ್ನೂ ಬಿಡದೆ ಕೊಡುತ್ತಾನೆ. ಎರಡೂವರೆ ವರ್ಷ, ಒಂದು ವರ್ಷ, ಒಂದು ವರ್ಷಕ್ಕಿಂತ ಹೆಚ್ಚು. ನಾಟಕದ ಅಶೋಕ ಒಂದು ಸಂಜೆಯಲ್ಲಿ ಬದಲಾದ. ಬಂಡೆಯ ಅಶೋಕನಿಗೆ ವರ್ಷಗಳು ಬೇಕಾದವು. ನನ್ನ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಚಕ್ರವರ್ತಿಗೇ ಒಂದು ವರ್ಷ ಹಿಡಿಯಿತೆ?” ಎಂದು. ತತ್ತ್ವಕ್ಕಿಂತ ಆ ಲೆಕ್ಕ ಅವರಿಗೆ ಹಿತವಾಗಿತ್ತು.

ಆಮೇಲೆ ಬರುವ ಭಾಗವೇ ಈ ಬರಹದ ತಿರುಳು. ಇದು ‘ಮಹಾತ್ಪ’ನಿಗೆ, ಎಂದರೆ ದೊಡ್ಡವನಿಗೆ ಮಾತ್ರ ಸಾಧ್ಯವಾಗುವುದಲ್ಲ, ‘ಖುದಕ’ನೂ, ಎಂದರೆ ಸಣ್ಣವನೂ ಯತ್ನಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಹುದು ಎಂದು ಅಲ್ಲಿದೆ. ‘ಖುದಕ’ ಎಂಬುದು ಸಂಸ್ಕೃತದ ಕ್ಷುದ್ರ. ಇಂದು ನಮಗೆ ಅದು ಬೈಗುಳ. ಅಂದು ಬರಿಯ ಅಳತೆ. ಈ ಮಾತು ಎಲ್ಲಿಂದ ಬಂತೆಂಬುದನ್ನು ನೆನೆಯಬೇಕು. ಸುವರ್ಣಗಿರಿ, ಚಿನ್ನದ ಬೆಟ್ಟ. ಕೊಪ್ಪಳದ ಕಡೆಯ ಕನಕಗಿರಿಯೆಂದು ಕೆಲವರು, ಎರ್ರಗುಡಿಯ ಬಳಿಯ ಜೊನ್ನಗಿರಿಯೆಂದು ಕೆಲವರು ಗುರುತಿಸುತ್ತಾರೆ. ಮೌರ್ಯರು ಇಷ್ಟು ದಕ್ಷಿಣಕ್ಕೆ ಬಂದು ನೆಲೆಯೂರಿದ್ದರಲ್ಲಿ ಇಲ್ಲಿನ ಚಿನ್ನದ ಸೆಳೆತವೂ ಇತ್ತೆಂದು ಹಲವು ಚರಿತ್ರಕಾರರ ನಂಬಿಕೆ. ಚಿನ್ನ ಎತ್ತುವ ಊರಿನಿಂದ ಚಿನ್ನ ಕೊಡಲಾರದ್ದರ ಸುದ್ದಿ ಬಂದಿದೆ. ಬರೆದವರಿಗೆ ಈ ವ್ಯಂಗ್ಯ ಹೊಳೆಯಲಿಲ್ಲವೆಂದೇ ಕಾಣುತ್ತದೆ. ಹೊಳೆದಿದ್ದರೆ ಗದ್ಯ ಕೆಡುತ್ತಿತ್ತು.

ಆದರೂ ಹಳೆಯ ಸಿರಿವಂತನ ನಾಲಗೆ ಪೂರಾ ಬದಲಾಗಿಲ್ಲ. ಈ ಕಾರ್ಯ ಬೆಳೆಯುತ್ತದೆ, ವಿಪುಲವಾಗಿ ಬೆಳೆಯುತ್ತದೆ, ಕಡೆಯಪಕ್ಷ ಒಂದೂವರೆ ಪಾಲು ಬೆಳೆಯುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಬೆಳೆಯುವುದಕ್ಕೆ ಬಳಸಿದ ಮಾತು ‘ವೃದ್ಧಿ’ಯ ಪ್ರಾಕೃತ ರೂಪ, ನಮ್ಮ ‘ಬಡ್ಡಿ’ ಹುಟ್ಟಿದ್ದು ಆ ಮಾತಿನ ಮನೆಯಲ್ಲಿಯೇ. ಪುಣ್ಯಕ್ಕೂ ಬಡ್ಡಿ ಕಟ್ಟುವ ಈ ದೊರೆಯನ್ನು ನೋಡಿ ನನಗೆ ನಗು ಬರುತ್ತದೆ, ಪ್ರೀತಿಯೂ ಬರುತ್ತದೆ. ಮನುಷ್ಯ ಗುಣವಾದ ಮೇಲೂ ತನ್ನ ಹಳೆಯ ಕಸುಬಿನ ಮಾತನ್ನೇ ಆಡುತ್ತಾನೆ.

ಬರಹದ ಎರಡನೆಯ ಭಾಗ ಇಷ್ಟು ಬಿಗಿಯಾಗಿಲ್ಲ. ತಾಯಿತಂದೆಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ತಕ್ಕಂತೆ ನಡೆಯಬೇಕು. ‘ನಾನು’ ಎಂದವನು ಇಲ್ಲಿ ಕಾಣೆಯಾಗಿ ಉಪಾಧ್ಯಾಯ ಬಂದು ಕೂತಿದ್ದಾನೆ. ಇದೆಲ್ಲ ಹೊಸದಲ್ಲ, ಹಳೆಯ ಪ್ರಕೃತಿಯೇ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂಬ ಮಾತೊಂದು ಬಂದು ಅದನ್ನು ಉಳಿಸುತ್ತದೆ. ಆರೋಗ್ಯದಿಂದ ತೊಡಗಿದ ಪತ್ರ ದೀರ್ಘಾಯುಸ್ಸಿಗೆ ಬಂದು ನಿಂತಿತು. ಆ ಪಟ್ಟಿಯನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ಎಲ್ಲವೂ ಇನ್ನೊಬ್ಬರ ಕಡೆಗೆ ಕೈಚಾಚುವ ಕೆಲಸಗಳು. ಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಮಾಡಬಹುದಾದ್ದು ಅದರಲ್ಲಿ ಒಂದೂ ಇಲ್ಲ.

ಶಿಷ್ಯ, ಆಚಾರ್ಯ ಎಂದಾಗ ತಳಕು ನೆನಪಾಗುತ್ತದೆ. ಮೊಳಕಾಲ್ಮೂರಿನ ಕಡೆಯಿಂದ ಚಳ್ಳಕೆರೆಗೆ ಬರುವವರಿಗೆ ದಾರಿಯಲ್ಲಿ ಸಿಗುವ ಊರು, ತ. ಸು. ವೆಂಕಣ್ಣಯ್ಯನವರ ಊರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿರುವುದು ಈ ಗುರುಗಳಿಗೆ. ಗುರುಗಳು 1939ರಲ್ಲಿ ತೀರಿಕೊಂಡಿದ್ದರು. ಕಾವ್ಯ ಬೆಳಕು ಕಂಡದ್ದು ಅದಾಗಿ ಹತ್ತು ವರ್ಷಕ್ಕೆ. ‘ಹಂಸಗೀತೆ’ಯ ಕರ್ತೃವೂ ಇದೇ ಮನೆತನದವರು. ಇಷ್ಟು ಒಣ ನೆಲ ಇಷ್ಟು ಬರಹಗಾರರನ್ನು ಹೇಗೆ ಸಾಕಿತೋ!

ಒಣ ನೆಲವೆಂದೆ. ಚಳ್ಳಕೆರೆಯಲ್ಲಿ ಸಿರಿಯಿಲ್ಲವೆಂದು ಇದರ ಅರ್ಥವಲ್ಲ. ಶೇಂಗಾ ಎಣ್ಣೆಯ ಗಿರಣಿಗಳು ಅದಕ್ಕೆ ಎಣ್ಣೆಯ ನಗರವೆಂಬ ಹೆಸರು ತಂದವು. ಮೊಳಕಾಲ್ಮೂರಿನ ಮಗ್ಗಗಳ ರೇಷ್ಮೆ ಸೀರೆ ನಾಡಿಗೆಲ್ಲ ಗೊತ್ತು. ಆದರೆ ಮಳೆ ಕೈಕೊಟ್ಟ ವರ್ಷ ಗಿರಣಿಗೆ ಶೇಂಗಾ ಇಲ್ಲ, ಮಗ್ಗಕ್ಕೆ ಗಿರಾಕಿಯಿಲ್ಲ. ಬಂದ ಸಿರಿ ಉಳಿಯುವುದೆಂಬ ನಂಬಿಕೆ ಈ ಸೀಮೆಯ ಜನಕ್ಕೆ ಎಂದೂ ಇದ್ದಂತೆ ತೋರುವುದಿಲ್ಲ. ಆದ್ದರಿಂದಲೇ ಇರಬೇಕು, ಇಲ್ಲಿನ ಸಂತರ ಮಾತಿನಲ್ಲಿ ಸಿರಿಯ ನಿಂದೆಗಿಂತ ದುಡಿಮೆಯ ಲೆಕ್ಕ ಹೆಚ್ಚು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನ ಕೊಂಡಾಡುತ್ತಾರೆ. ಅವರ ಹೆಸರಿನಲ್ಲಿ ಉಳಿದ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು. ಬೇಡುವ ಮಾತಿನೊಳಗೆ ಕೂಲಿಯ ನ್ಯಾಯ ಸೇರಿಕೊಂಡಿದೆ. ಅಶೋಕನ ‘ಪಕಮ’ ಊರ ಮಾತಿಗೆ ಇಳಿದರೆ ಹೀಗೆಯೇ ಇದ್ದೀತು. ಪ್ರತಿ ವರ್ಷ ಫಾಲ್ಗುಣದ ರಥೋತ್ಸವದಲ್ಲಿ ಅದೇ ಸ್ವಾಮಿಗಳ ‘ಮುಕ್ತಿ ಬಾವುಟ’ವನ್ನು ಹರಾಜು ಹಾಕುತ್ತಾರೆ, ಲಕ್ಷಗಟ್ಟಲೆ ಹಣಕ್ಕೆ ಕೂಗು ಏರುತ್ತದೆ. ಬಹಳ ಸಲ ಅದನ್ನು ಗೆಲ್ಲುವವರು ರಾಜಕಾರಣಿಗಳು. ಮುಕ್ತಿ ಮಹಾತ್ಪನಿಗೆ ಮಾತ್ರವಲ್ಲವೆಂದು ಕೊರೆದ ಬಂಡೆ ಅಲ್ಲಿಗೆ ಬಹಳ ದೂರವೇನೂ ಇಲ್ಲ.

ಈ ಪರಂಪರೆಯಲ್ಲಿ ನಮ್ಮ ಕಾಲಕ್ಕೆ ಬಂದ ಪುಸ್ತಕವೊಂದನ್ನು ಹೇಳಲೇಬೇಕು. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು (1916–2013) ಬರೆದ ‘ಯೇಗ್ದಾಗೆಲ್ಲಾ ಐತೆ’. ಗ್ರಂಥಕರ್ತರು ಹಳ್ಳಿಯ ಮೇಷ್ಟರು, ಗಾಂಧೀ ಮಾರ್ಗದವರು, ತಮ್ಮ ಊರಿನಲ್ಲಿ ಶಾಲೆ ಬೆಳೆಸಿದವರು. ಪುಸ್ತಕದ ನಾಯಕರು ಮುಕುಂದೂರು ಸ್ವಾಮಿಗಳು. ಪಾಂಡಿತ್ಯದ ಸೋಂಕಿಲ್ಲದ, ಶುದ್ಧ ಗ್ರಾಮ್ಯದಲ್ಲಿ ಮಾತನಾಡುವ ಅವಧೂತರು. ಶಾಸ್ತ್ರ ಬಲ್ಲ ಮೇಷ್ಟರು ಕೇಳುತ್ತ ಹೋಗುತ್ತಾರೆ, ಓದದ ಸ್ವಾಮಿಗಳು ಹೊಲ, ಒಲೆ, ದಾರಿ, ದನಗಳ ಮಾತಿನಲ್ಲಿ ಉತ್ತರ ಕೊಡುತ್ತ ಹೋಗುತ್ತಾರೆ. ಆ ಗ್ರಾಮ್ಯವನ್ನು ತಿದ್ದದೆ ಉಳಿಸಿದ್ದು ಶಾಸ್ತ್ರಿಗಳ ದೊಡ್ಡ ಸಾಧನೆ. ಶಿಷ್ಟ ಕನ್ನಡಕ್ಕೆ ತಿರುಗಿಸಿದ್ದರೆ ಅದು ಇನ್ನೊಂದು ವೇದಾಂತದ ಪುಸ್ತಕವಾಗಿ ಕಪಾಟು ಸೇರುತ್ತಿತ್ತು. ಹೆಸರಿನ ‘ಯೇಗ’ವನ್ನು ಎಲ್ಲರೂ ‘ಯೋಗ’ವೆಂದೇ ತಿಳಿಯುತ್ತಾರೆ, ತಪ್ಪಲ್ಲ. ನನ್ನ ಕಿವಿಗಾದರೋ ಅದರ ಹಿಂದೆ ‘ಏಗು’ ಎಂಬ ಅಚ್ಚಗನ್ನಡ ಕ್ರಿಯಾಪದವೂ ಕೇಳಿಸುತ್ತದೆ. ಸಂಸಾರದಲ್ಲಿ ಏಗಿದೆ, ಸಾಲದಲ್ಲಿ ಏಗಿದೆ ಎನ್ನುತ್ತೇವಲ್ಲ, ಆ ಏಗು. ವ್ಯುತ್ಪತ್ತಿಯಾಗಿ ಇದು ನಿಲ್ಲದು. ಓದಿನಲ್ಲಿ ಮಾತ್ರ ಬಿಡದೆ ಕಾಡುತ್ತದೆ.

ಪುಸ್ತಕದಲ್ಲಿ ಕೊರತೆಯಿಲ್ಲವೆಂದಲ್ಲ. ಶಾಸ್ತ್ರಿಗಳಿಗೆ ಸ್ವಾಮಿಗಳಲ್ಲಿ ಬೆರಗು ಬಹಳ; ಕೆಲವು ಕಡೆ ಆ ಬೆರಗು ವಾಚಕನ ಪಾಲನ್ನೂ ತಾನೇ ಅನುಭವಿಸಿಬಿಡುತ್ತದೆ. ಸ್ವಾಮಿಗಳಿಗೆ ಕತ್ತಲೆಯ ವರ್ಷವೊಂದು ಇತ್ತೆ ಎಂಬುದೂ ನಮಗೆ ತಿಳಿಯುವುದಿಲ್ಲ. ಅವರು ನಮ್ಮೆದುರಿಗೆ ಬರುವಾಗಲೇ ದಡ ಸೇರಿದವರು. ದಡ ಸೇರಿದವನ ನಗು ಎಷ್ಟು ಚೆಲುವಾಗಿದ್ದರೂ ಮುಳುಗುತ್ತಿರುವವನಿಗೆ ಈಜುವ ಬಗೆ ಹೇಳುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಬಂಡೆಯನ್ನೇ ಮೇಲೆನ್ನುತ್ತೇನೆ. ಸ್ನೇಹಿತರಿಗೆ ನಾನು ಎರಡನ್ನೂ ಕೊಟ್ಟೆ. ಶಾಸ್ತ್ರಿಗಳ ಪುಸ್ತಕವನ್ನು ಅವರು ಓದಿದ್ದು ಬಹಳ ತಡವಾಗಿ, ಸ್ವಲ್ಪ ನಗಲು ಬಂದ ಮೇಲೆ. ಸಿಕ್ಕಿದ ಪುಟದಿಂದ ಓದಬಹುದಾದ ಪುಸ್ತಕವಾದ್ದರಿಂದ ಅವರಿಗೆ ಅನುಕೂಲವಾಯಿತು.

ಮೂರು ಪ್ರತಿಗಳಲ್ಲಿ ಹೆಚ್ಚು ಸವೆದಿರುವುದು ಜಟಿಂಗ ರಾಮೇಶ್ವರದ್ದು. ಜಟಾಯು ಬಿದ್ದ ಬೆಟ್ಟವೆಂದು ಜನ ಅಲ್ಲಿಗೆ ಹೋಗುತ್ತಾರೆ. ಜಾತ್ರೆಯಲ್ಲಿ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದ ಬಂಡೆಯೇ ಶಾಸನದ ಬಂಡೆ. ಅದಕ್ಕೆ ಬಳೆಗಾರ ಗುಂಡು ಎಂದೇ ಹೆಸರು. ಎಷ್ಟು ತಲೆಮಾರಿನ ಮಲಾರಗಳು ಆ ಅಕ್ಷರಗಳ ಮೇಲೆ ಕೂತವೋ! ಶಾಸನತಜ್ಞರಿಗೆ ಅದು ನಷ್ಟ, ನಿಜ. ಬಳೆಗಾರ ಖುದಕನಲ್ಲದೆ ಮತ್ತಾರು?

ಬ್ರಹ್ಮಗಿರಿಯ ಬರಹದಲ್ಲಿ ಅಶೋಕನೆಂಬ ಹೆಸರು ಎಲ್ಲಿಯೂ ಇಲ್ಲ. ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಅದು ಯಾರೆಂಬ ಅನುಮಾನ ತೀರಿದ್ದು 1915ರಲ್ಲಿ ಮಸ್ಕಿಯ ಶಾಸನ ಸಿಕ್ಕಿ, ಅದರಲ್ಲಿ ಹೆಸರು ಕಂಡಾಗ. ಆದರೆ ಅಕ್ಷರಗುಂಡಿನ ಕಡೆಯ ಸಾಲಿನಲ್ಲಿ ಒಂದು ಹೆಸರುಂಟು. ಇದನ್ನು ಬರೆದವನು ಚಪಡ, ಲಿಪಿಕಾರ. ‘ಲಿಪಿಕಾರ’ ಎಂಬ ಆ ಒಂದು ಮಾತನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯುವ್ಯ ಗಡಿಯ ಲಿಪಿ. ಇಸಿಲದಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ ಇದ್ದಿರಬೇಕು.